ಗೇರುಬೀಜ ಹೆಕ್ಕಲು ಕೊಟ್ಟ ಬೆಂಕಿ

ಗೇರುಮರದ ಬುಡದಲ್ಲಿ ತರಗೆಲೆ ರಾಶಿ ಬಿದ್ದರೆ ಉದುರಿದ ಬೀಜ ಕಾಣುವುದಿಲ್ಲ. ಅದಕ್ಕೆ ಪೈವಳಿಕೆಯ ನಮ್ಮ ಗುಡ್ಡೆಯಲ್ಲಿ ಫಸಲಿಗೆ ಮೊದಲು ತರಗೆಲೆಗೆ ಬೆಂಕಿ ಕೊಡುವುದು ರೂಢಿ. ಕೊಡಲಿ, ಬೇಡ ಎಂದವರು ಯಾರು? ಬೆಳಗ್ಗೆ ಇಬ್ಬನಿ ಆರುವ ಮೊದಲು ಕೊಡಬೇಕು, ನಾಲ್ಕು ಜನ ಹಸಿ ಸೊಪ್ಪಿನ ಗೆಲ್ಲು ಹಿಡಿದು ಕಾಯಬೇಕು. ಇಷ್ಟನ್ನು ಚಿಕ್ಕಪ್ಪನಿಗೆ ಪ್ರತಿ ವರ್ಷ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

"ನಿನ್ನ ಟೀಚರ್‌ಗಿರಿ ಶಾಲೆಯಲ್ಲಿ ಇಟ್ಟುಕೋ ಮಾರಾಯ್ತಿ" ಎನ್ನುತ್ತಾರೆ.

ಈ ಸಲ ಅವರು ಬೆಂಕಿ ಕೊಟ್ಟದ್ದು ನಡುಮಧ್ಯಾಹ್ನ, ಒಬ್ಬರೇ. ಕೊಟ್ಟವರು ಊಟಕ್ಕೆ ಬಂದು ಕೂತರು! ಕಡಲ ಕಡೆಯ ಗಾಳಿ ಎದ್ದಿತ್ತು. ಗುಡ್ಡೆಯ ಮೇಲೆ ಬಯಲಿನಂಥ ಪದವಿನ ತುಂಬ ಎದೆಯೆತ್ತರದ ಮುಳಿಹುಲ್ಲು. ಹಿಂದೆ ಮಾಡಿಗೆ ಹೊದೆಸಲು ಜನ ಪೈಪೋಟಿಯಲ್ಲಿ ಕೊಯ್ಯುತ್ತಿದ್ದರು. ಈಗ ಎಲ್ಲರಿಗೂ ತಾರಸಿ, ಯಾರಿಗೆ ಬೇಕು ಹುಲ್ಲು? ಅದು ಹೊತ್ತಿಕೊಂಡ ಸದ್ದು, ಮಜ್ಜಿಗೆ ಬಡಿಸುತ್ತಿದ್ದ ನನಗೆ ಒಳಗೇ ಕೇಳಿತು.

ಓಡಿದೆ. ಕೆಳಗಿನ ಗದ್ದೆಯಲ್ಲಿ ತರಕಾರಿ ಬೆಳೆಸುವ ನೆರೆಮನೆಯ ಅಕ್ಕ ನನಗಿಂತ ಮೊದಲೇ ಅಲ್ಲಿದ್ದಳು. ಗಂಡನಿಲ್ಲದ ಹೆಂಗಸು, ಅಲಸಂಡೆ, ಹರಿವೆ, ಮುಳ್ಳುಸೌತೆ ಮಾರಿಯೇ ಮನೆ ನಡೆಯಬೇಕು. ಆಕೆಯ ಗದ್ದೆಗೆ ನೀರು ಬರುವುದು ಚಿಕ್ಕಪ್ಪನ ಗುಡ್ಡೆಯಲ್ಲಿ ನೀರಿಗೆಂದು ಅಡ್ಡ ಕೊರೆದ ಸುರಂಗದಿಂದ, ಹುಲ್ಲಿನ ನಡುವೆ ಹಾಸಿದ ಕಪ್ಪು ಪೈಪಿನಲ್ಲಿ. ಆ ಪೈಪಿನ ಉದ್ದಕ್ಕೂ ಆಕೆ ಗೆಲ್ಲಿನಿಂದ ಬಡಿಯುತ್ತಲೇ ಇದ್ದಳು. ಫೈರ್ ಇಂಜಿನ್ ಬಂತು, ನಮ್ಮ ಓಣಿಯ ತಿರುವಿನಲ್ಲಿ ತೂರಲಾರದೆ ನಿಂತಿತು. ಸಂಜೆ ಹೊತ್ತಿಗೆ ಬೆಂಕಿ ಹುಲ್ಲಿಲ್ಲದ ಬರೀ ಪಾರೆಕಲ್ಲು ಇದ್ದ ಕಡೆ ತಲುಪಿ ತಾನಾಗಿ ಆರಿತು. ಅಷ್ಟರಲ್ಲಿ ಪೈಪು ಕರಗಿ ನೆಲಕ್ಕೆ ಅಂಟಿಕೊಂಡಿತ್ತು.

ವಾರದೊಳಗೆ ಅಲಸಂಡೆ ಬಳ್ಳಿ ಒಣಗಿತು. ಕೊಡದಲ್ಲಿ ಹೊತ್ತು ಎಷ್ಟು ಅಂತ ಹೊಯ್ಯುವುದು?

ಇನ್ನು ಚಿಕ್ಕಪ್ಪನ ಪುರಾಣ. ಯಾರೋ ಬೀಡಿ ಬಿಸಾಡಿದ್ದಂತೆ! ಚಾದಂಗಡಿಯಲ್ಲಿ ಹೇಳಿ ಹೇಳಿ ಅದನ್ನು ಅವರೇ ನಂಬಿಬಿಟ್ಟರು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂತು.

ಬೆಳೆನಾಶಕ್ಕೆ ಕೃಷಿಭವನಕ್ಕೆ ಅರ್ಜಿ ಕೊಡಬೇಕೆಂದು ಅಕ್ಕ ನನ್ನಲ್ಲಿಗೇ ಬಂದಳು. ಜಗಲಿಯಲ್ಲಿ ಕೂತು ಬರೆದೆ. ಬೆಂಕಿಗೆ ಕಾರಣ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಇದ್ದದ್ದನ್ನೇ ಬರೆಯುತ್ತೇನೆ. ಚಿಕ್ಕಪ್ಪ ಆದರೆ ಎಂತ?" ಎಂದೆ.

ಆಕೆ ಒಳಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದಳು. "ಬೇಡ ಟೀಚರೇ. ಗೊತ್ತಿಲ್ಲ ಅಂತ ಬರೆಯಿರಿ."

"ಅವರು ಕಡ್ಡಿ ಗೀರಿದ್ದು ನೀವು ಕಣ್ಣಾರೆ ಕಂಡಿದ್ದೀರಲ್ಲ?"

"ಕಂಡದ್ದು ಹೌದು. ಹೊಸ ಪೈಪು ಸಿಕ್ಕಿದರೂ ನೀರು ಅವರ ಸುರಂಗದಿಂದಲೇ ಬರಬೇಕಲ್ಲ?"

ಬರೆದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ನಾನೇ ಬರೆದೆ. ಬೆಂಕಿ ಬಡಿದು ಆಕೆಯ ಅಂಗೈಯಲ್ಲಿ ಎದ್ದ ಬೊಕ್ಕೆಗಳು ಇನ್ನೂ ಮಾಗಿರಲಿಲ್ಲ. ಪೆನ್ನನ್ನು ಎರಡು ಬೆರಳಲ್ಲಿ ಹೇಗೋ ಹಿಡಿದು, ನಾನು ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.