ಒಂದೂ ಮೂವತ್ತೈದಕ್ಕೆ ಏಳುವವಳು

ನನ್ನ ದೊಡ್ಡಮ್ಮ ಇಪ್ಪತ್ತೆರಡು ವರ್ಷದಿಂದ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಬೀದಿಯ ಮಕ್ಕಳು ಅವಳನ್ನು ಹಲ್ಲಮ್ಮ ಎಂದು ಕರೆಯುತ್ತಾರೆ. ಅದಕ್ಕೆ ಅವಳಿಗೆ ಬೇಸರವೇನಿಲ್ಲ. ವಾರಕ್ಕೆ ಆರು ದಿನ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ದುಡಿತ. ಭಾನುವಾರ ಬಟ್ಟೆ, ಪಾತ್ರೆ, ದೊಡ್ಡಪ್ಪನ ಮಂಡಿನೋವು. ಪಿಟೀಲು ಕೇಳಲು ಉಳಿಯುವುದು ಬುಧವಾರದ ಮಧ್ಯಾಹ್ನ ಮಾತ್ರ. ಲ್ಯಾಬಿನಿಂದ ಎರಡು ಬೀದಿ ಆಚೆಗಿರುವ ಸಭಾಂಗಣದಲ್ಲಿ ಅಂದು ಒಂದರಿಂದ ಎರಡರವರೆಗೆ ಶಾಸ್ತ್ರೀಯ ಕಛೇರಿ ಇರುತ್ತದೆ. ಆದರೆ ಅವಳ ಊಟದ ಬಿಡುವು ಒಂದೂ ನಲವತ್ತಕ್ಕೇ ಮುಗಿಯುತ್ತದೆ. ಹಾಗಾಗಿ ದಾರಿಯಲ್ಲೇ ಬಾಳೆಹಣ್ಣು ತಿಂದು ಹೋಗಿ, ಮೂರನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು, ಒಂದೂ ಮೂವತ್ತೈದಕ್ಕೆ ಸದ್ದಾಗದಂತೆ ಎದ್ದು ಬರುತ್ತಿದ್ದಳು. ಹೀಗೆ ಹೋಗತೊಡಗಿದ ಹನ್ನೊಂದು ವರ್ಷದಲ್ಲಿ ಒಂದು ಕಛೇರಿಯ ಕೊನೆಯನ್ನೂ ಅವಳು ಕೇಳಿರಲಿಲ್ಲ.

“ಇವಳದ್ದು ಅರ್ಧ ಹೊಟ್ಟೆ ಊಟ, ಅರ್ಧ ಕಿವಿ ಸಂಗೀತ,” ಎಂದು ದೊಡ್ಡಪ್ಪ ರೇಗಿಸುತ್ತಿದ್ದರು.

“ನಗ್ರಿ, ನಗ್ರಿ. ಸಾಯೋದ್ರೊಳಗೆ ಒಂದ್ಸಲ ಕೊನೆವರೆಗೂ ಕೇಳೇ ಕೇಳ್ತೀನಿ.”

ಒಂದು ಬುಧವಾರ ಟಿಕೆಟ್ ಕೊಡುವ ಹೆಂಗಸು ಅವಳನ್ನು ತಡೆದು ನಿಲ್ಲಿಸಿದಳು.

“ಅಕ್ಕಾ, ಹೋದ ವಾರ ಕೊನೇಲಿ ಅಷ್ಟೊಂದು ಅತ್ತುಬಿಟ್ರಲ್ಲ, ಮನೇಲೆಲ್ಲ ಚೆನ್ನಾಗಿದಾರೆ ತಾನೇ?”

“ನಾನು ಯಾವತ್ತು ಕೊನೆವರೆಗೂ ಇದ್ದೆ ತಾಯಿ?”

“ಒಳ್ಳೇ ತಮಾಷೆ! ವಾರವಾರ ಕಸ ಗುಡಿಸೋಕೆ ನಿಮ್ಮನ್ನೇ ಎಬ್ಬಿಸ್ಬೇಕು.”

ದೊಡ್ಡಮ್ಮನಿಗೆ ಭಯಕ್ಕಿಂತ ಮೊದಲು ಹೊಟ್ಟೆಕಿಚ್ಚಾಯಿತಂತೆ. ತನಗೆ ಸಿಗದ ಹಾಡನ್ನು ತನ್ನ ಕುರ್ಚಿಯಲ್ಲೇ ಕೂತು ಯಾರೋ ಕೇಳುತ್ತಿದ್ದಾರೆ!

ಅಂದು ಅವಳು ಏಳಲಿಲ್ಲ. ಒಂದೂ ಮೂವತ್ತೈದಕ್ಕೆ ಮಂಡಿಗಳು ತಾವಾಗಿಯೇ ಏಳಲು ಹೊರಟವು. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತಳು. ಕೊನೆಯ ಹಾಡು ಬಹಳ ನಿಧಾನದ್ದು. ಕಮಾನು ತಂತಿಗೆ ತಾಕುತ್ತಿದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಅದು ಮುಗಿಯಿತು. ಅವಳು ಅತ್ತಳು. ಟಿಕೆಟಿನ ಹೆಂಗಸು ಪೊರಕೆ ಹಿಡಿದು ಬಂದು, “ಏಳಿ ಅಕ್ಕಾ,” ಎಂದಳು, ವಾರವಾರದ ಅಭ್ಯಾಸದಂತೆ.

ಲ್ಯಾಬಿಗೆ ಬಂದಾಗ ಎರಡೂ ಹತ್ತು. ಪಕ್ಕದ ಮೇಜಿನಲ್ಲಿ ಪಾಲಿಶ್ ಮಾಡುವ ಗೆಳತಿ ತಲೆ ಎತ್ತಿದಳು.

“ಮತ್ತೆಲ್ಲಿಗೆ ಹೋಗಿದ್ದೆ? ಈಗ ತಾನೇ ಇಲ್ಲೇ ಕೂತಿದ್ಯಲ್ಲ. ಮಾತಾಡಿಸಿದ್ರೆ ಹೂಂ ಇಲ್ಲ, ಉಹೂಂ ಇಲ್ಲ. ಏನಮ್ಮ ಅಷ್ಟು ಜಂಬ?”

ದೊಡ್ಡಮ್ಮನ ಸ್ಟೂಲು ಬೆಚ್ಚಗಿತ್ತು. ಬೆಳಿಗ್ಗೆ ಅವಳು ಅರ್ಧಕ್ಕೆ ಬಿಟ್ಟಿದ್ದ ಸೆಟ್ಟಿನಲ್ಲಿ ಹಲ್ಲುಗಳೆಲ್ಲ ಮೇಣದಲ್ಲಿ ಕೂತಿದ್ದವು.

ಅವಳು ಯಾವ ಸೆಟ್ ಮಾಡಿದರೂ ಎಡಗಡೆಯ ಕೋರೆಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿ ಕೂರಿಸುತ್ತಾಳೆ. ತೀರ ನೇರವಾದ ಹಲ್ಲನ್ನು ಯಾರೂ ನಂಬುವುದಿಲ್ಲ ಎನ್ನುತ್ತಾಳೆ. ಮೇಜಿನ ಮೇಲಿನ ಬಾಯಿಯ ಅಚ್ಚು ನಮ್ಮ ಕಡೆ ಮುಖ ಮಾಡಿರುವುದರಿಂದ ಹೊಸಬರು ತಮ್ಮ ಎಡವನ್ನೇ ಬಾಯಿಯ ಎಡವೆಂದು ತಿಳಿದು ಬಲಗಡೆಯದನ್ನು ತಿರುಗಿಸಿಬಿಡುತ್ತಾರೆ. ಈ ಸೆಟ್ಟಿನಲ್ಲಿ ತಿರುಗಿದ್ದುದು ಬಲಗಡೆಯದು.

ಸರಿಮಾಡಲು ಕೈ ಚಾಚುವಷ್ಟರಲ್ಲಿ ಲ್ಯಾಬಿನ ಯಜಮಾನರು ಬಂದು ಸೆಟ್ಟನ್ನು ಎತ್ತಿಕೊಂಡರು. ಮುಂದಿನ ವಾರ ದಂತವೈದ್ಯರ ಫೋನ್ ಬಂತು. ಇಷ್ಟು ಚೆನ್ನಾಗಿ ಕೂತ ಸೆಟ್ಟನ್ನು ಅವರು ಕಂಡೇ ಇಲ್ಲವಂತೆ.

“ಇನ್ಮೇಲೆ ಎಲ್ಲಾನೂ ಹೀಗೇ ಮಾಡಮ್ಮ,” ಎಂದರು ಯಜಮಾನರು. “ಇಷ್ಟು ವರ್ಷ ಈ ಕೈ ಎಲ್ಲಿ ಬಚ್ಚಿಟ್ಟಿದ್ದೆ?”

ದೊಡ್ಡಮ್ಮ ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಈಗಲೂ ಅವಳು ಬುಧವಾರ ಕಛೇರಿಗೆ ಹೋಗುತ್ತಾಳೆ. ಒಂದೂ ಮೂವತ್ತೈದಕ್ಕೆ ಎದ್ದು ಓಡುತ್ತಾಳೆ. ಬಾಗಿಲು ದಾಟುವಾಗ ಹಿಂದೆ ಅವಳ ಕುರ್ಚಿ ಕಿರ್ರೆನ್ನುತ್ತದಂತೆ, ಯಾರೋ ಕೂತ ಹಾಗೆ. ಅವಳು ತಿರುಗಿ ನೋಡುವುದಿಲ್ಲ.

“ಆ ಕೊನೇ ಹಾಡು ಹೇಗಿತ್ತು ದೊಡ್ಡಮ್ಮ?” ಎಂದು ನಾನು ಒಮ್ಮೆ ಕೇಳಿದೆ.

“ಚೆನ್ನಾಗಿತ್ತು. ಅದನ್ನ ಅವಳೇ ಕೇಳ್ಕೊಳ್ಲಿ ಬಿಡು. ಸ್ಟೂಲು ಖಾಲಿ ಇರೋವಾಗ್ಲೇ ನಾನು ಹೋಗಿ ಕೂತ್ಕೋಬೇಕು.”