ದಾರಿಗೆ ಅಡ್ಡ ನಿಂತ ಹೆರಾಲ್ಡ್

ಆ ದಿನಗಳಲ್ಲಿ ನಮ್ಮ ಕಡೆ ಯಾವ ವಸ್ತುವಿಗೂ ಅದರದೇ ಬಣ್ಣ ಉಳಿದಿರಲಿಲ್ಲ. ನಮ್ಮ ಮನೆ ಇದ್ದದ್ದು ಗಾದಿಗನೂರಿನ ಹೊರಗೆ, ಹೊಸಪೇಟೆಯ ಹೆದ್ದಾರಿಯಿಂದ ಹೊಲಗಳ ಕಡೆಗೆ ಕವಲೊಡೆದ ಬಂಡಿದಾರಿಯ ಪಕ್ಕದಲ್ಲಿ. ಹೆದ್ದಾರಿಯ ಮೇಲೆ ಸಂಡೂರಿನ ಅದಿರು ತುಂಬಿದ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ತಂತಿಯ ಮೇಲೆ ಹಾಕಿದ ಬಿಳಿ ಅಂಗಿ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ರೊಟ್ಟಿ ಹಲ್ಲಿನಡಿ ಕರಕ್ ಎನ್ನುತ್ತಿತ್ತು. ಇದನ್ನು ಓದುವವರಲ್ಲಿ ಆ ಧೂಳು ತಿಂದವರು ಅನೇಕರಿದ್ದೀರಿ, ಹೆಚ್ಚು ಹೇಳಬೇಕಾಗಿಲ್ಲ. ಮಕ್ಕಳಾದ ನಮಗೆ ಅದೂ ಒಂದು ಆಟವಾಗಿತ್ತು. ಹೊಂಗೆ ಎಲೆಯ ಮೇಲಿನ ಧೂಳಿನಲ್ಲಿ ಉಗುರಿನಿಂದ ನಮ್ಮ ನಮ್ಮ ಹೆಸರು ಬರೆದು, ಸಂಜೆ ಬಂದು ನೋಡುತ್ತಿದ್ದೆವು. ಯಾರ ಹೆಸರು ಮುಚ್ಚಿಹೋಗಿದೆಯೋ ಅವರು ಸೋತಂತೆ.

ನಮ್ಮ ಮನೆಯಲ್ಲಿ ಧೂಳು ಮುಟ್ಟದ ವಸ್ತು ಒಂದೇ ಒಂದಿತ್ತು. ಕೊಟ್ಟಿಗೆಯಲ್ಲಿ ತಾಡಪಾಲು ಹೊದ್ದು ನಿಂತಿದ್ದ ಅವ್ವನ ತಿಳಿನೀಲಿ ಕಾರು, ಸ್ಟ್ಯಾಂಡರ್ಡ್ ಹೆರಾಲ್ಡ್. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಅವ್ವನ ತಂದೆ ಅದನ್ನು ಕೊಂಡಿದ್ದರಂತೆ. ಕಾಲುವೆಯ ದಂಡೆಯ ಮೇಲೆ ಮಗಳಿಗೆ ಅದರಲ್ಲೇ ಗಾಡಿ ಕಲಿಸಿದ್ದರಂತೆ. ಅವರು ತೀರಿಕೊಂಡ ಮೇಲೆ ಮಾವಂದಿರು ಗಿರಣಿ ಹಂಚಿಕೊಂಡರು. ಕೆಟ್ಟು ನಿಂತ ಕಾರನ್ನು ಯಾರೂ ಕೇಳಲಿಲ್ಲ. ಅವ್ವ ಕೇಳಿದಳು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಊರಿಗೆ ಎಳೆಸಿಕೊಂಡು ಬಂದಳು.

ಅಂಥ ಕಾರನ್ನು ಆಮೇಲೆ ನಾನು ಕಂಡಿಲ್ಲ. ಬಾನೆಟ್ಟು, ಎರಡು ಮಡ್‌ಗಾರ್ಡು, ದೀಪಗಳು ಎಲ್ಲವೂ ಒಂದೇ ತುಂಡಾಗಿ ಮುಂದಕ್ಕೆ ಮಗುಚಿ ತೆರೆದುಕೊಳ್ಳುತ್ತಿದ್ದವು. ಇಡೀ ಎಂಜಿನ್ನು ಎರಡೂ ಕಡೆಯಿಂದ ಬಯಲಾಗುತ್ತಿತ್ತು. ಮುಂದಿನ ಚಕ್ರದ ಮೇಲೆ ಕುಳಿತೇ ಕೆಲಸ ಮಾಡಬಹುದಿತ್ತು. ಹೊಸಪೇಟೆಯಲ್ಲಿ ಗ್ಯಾರೇಜು ಇಟ್ಟಿದ್ದ ಖಾಜಾ ಸಾಬರು ಶುಕ್ರವಾರದ ನಮಾಜು ಮುಗಿಸಿ ಸೈಕಲ್ ಮೋಟಾರಿನ ಮೇಲೆ ಬಂದು ಹಾಗೆ ಕುಳಿತುಬಿಡುತ್ತಿದ್ದರು.

"ಇಂಗ್ಲೆಂಡಿನೋರ ಗಾಡಿ, ಇಟಲಿಯವ ಗೀಚಿದ್ದು, ಮದ್ರಾಸಿನೋರು ಜೋಡ್ಸಿದ್ದು," ಎನ್ನುತ್ತಿದ್ದರು. "ಬಿಚ್ಚಾಕ ಮಾತ್ರ ಗಾದಿಗನೂರಿನ ನಾವು ಬೇಕಾತು ನೋಡ್ರಿ ಅಕ್ಕಾ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಮೆಎಣ್ಣೆಯ ತಟ್ಟೆಯಲ್ಲಿ ನಟ್ಟು ಬೋಲ್ಟು ತೊಳೆಯುತ್ತಿದ್ದಳು. ವಾಲ್ವುಗಳನ್ನು ಮಸೆಯುವ ಕೆಲಸ ನನ್ನದು. ವಾಲ್ವಿನ ತಲೆಗೆ ಕಚ್ಚಿಸಿದ ಕೋಲನ್ನು ಎರಡು ಅಂಗೈ ನಡುವೆ ಹೊಸೆದರೆ ಕುರ್ ಕುರ್ ಸದ್ದು ಬರುತ್ತಿತ್ತು. ಕೆಲಸ ಮುಗಿದ ಮೇಲೆ ಅಜ್ಜಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಂದಿಡುತ್ತಿದ್ದಳು. ಎಷ್ಟು ತೊಳೆದರೂ ಕೈಯಲ್ಲಿ ಸೀಮೆಎಣ್ಣೆಯ ವಾಸನೆ ಉಳಿದು, ಮಂಡಕ್ಕಿಗೂ ಅದೇ ರುಚಿ ಬರುತ್ತಿತ್ತು. ಕಾರು ಓಡತೊಡಗಿದ ದಿನ ತಾನೇ ನಡೆಸಿಕೊಂಡು ಹಂಪಿ ಬಜಾರಿನ ತನಕ ಹೋಗಬೇಕೆಂದು ಅವ್ವ ಹೇಳುತ್ತಿದ್ದಳು. ಆ ವರ್ಷದ ಸಂಕ್ರಾಂತಿಗೆ ಎಂಜಿನ್ನಿನ ಕೆಲಸ ಮುಗಿದಿತ್ತು. "ಇನ್ನೊಂದು ನಾಕು ಶುಕ್ರವಾರ ಅಕ್ಕಾ, ಗಾಡಿ ನಿಮ್ಮ ಕೈಯಾಗ" ಎಂದಿದ್ದರು ಖಾಜಾ ಸಾಬರು.

ಅದೇ ಹೊತ್ತಿಗೆ ಲಾರಿಗಳು ನಮ್ಮ ದಾರಿಗೆ ತಿರುಗಿದವು. ಅಪ್ಪನ ದಾಯಾದಿ ತಮ್ಮ ಮಲ್ಲಪ್ಪ ಕಾಕಾ ನಮ್ಮ ಮನೆಯ ಹಿಂದಿದ್ದ ತನ್ನ ಹೊಲವನ್ನು ಅದಿರು ಸುರಿಯುವ ಪ್ಲಾಟಾಗಿ ಮಾಡಿದ್ದ. ಅಲ್ಲಿಗೆ ದೂರದ ಸುತ್ತುದಾರಿ ಇದ್ದರೂ, ನಮ್ಮ ಮನೆ ಮುಂದಿನ ಬಂಡಿದಾರಿ ಹತ್ತಿರ. ಆ ದಾರಿ ನಮ್ಮದೇ ಹೊಲದ ನೆಲ. ಆದರೆ ನಮ್ಮ ಕಡೆ ದಾರಿ ಕಟ್ಟುವುದೆಂದರೆ ಬಾವಿಗೆ ಮುಳ್ಳು ಹಾಕಿದಷ್ಟು ಕೆಟ್ಟ ಕೆಲಸ. ಯಾರ ನೆಲವಾದರೂ ನಡೆಯುವವರನ್ನು ತಡೆಯುವಂತಿಲ್ಲ. ಅಪ್ಪ ಎರಡು ಸಲ ಹೋಗಿ ಹೇಳಿ ಬಂದ. "ಅಣ್ಣಾ, ಹಿರೇರ ಕಾಲದಿಂದ ಇರೋ ದಾರಿ. ನೀನಾ ಕಟ್ಟಿದಿ ಅಂದ್ರ ಊರು ಏನಂದೀತು?" ಎಂದು ಕಾಕಾ ನಕ್ಕನಂತೆ.

ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಮಧ್ಯಾಹ್ನ. ಅಜ್ಜಿ ಬಾಗಿಲ ಮುಂದೆ ಹೊರಸಿನ ಮೇಲೆ ಮಲಗಿದ್ದಳು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಅಜ್ಜಿ ಎದ್ದು ನೀರು ಕುಡಿಯಲು ಒಳಗೆ ಹೋದಳು. ಎದುರು ಬಂದ ಲಾರಿಗೆ ಜಾಗ ಬಿಡಲು ಒಂದು ಲಾರಿ ಹಿಂದಕ್ಕೆ ಸರಿಯಿತು. ಅದರ ಹಿಂದಿನ ಚಕ್ರ ಹೊರಸಿನ ಮೇಲೆ ಹತ್ತಿ ಇಳಿಯಿತು. ಕಟ್ಟಿಗೆ ಮುರಿದ ಸದ್ದು ದೊಡ್ಡದೇನೂ ಆಗಿರಲಿಲ್ಲ. ಅಜ್ಜಿಯ ಹೊದಿಕೆ ಟೈರಿಗೆ ಸುತ್ತಿಕೊಂಡಿತ್ತು. ಡ್ರೈವರು ಇಳಿದು ಬಂದು ಆ ಹೊದಿಕೆಯನ್ನು ನೋಡಿ ಅಲ್ಲಿಯೇ ಕುಕ್ಕರಿಸಿದ. ಅಜ್ಜಿ ಚೊಂಬು ಹಿಡಿದು ಹೊರಗೆ ಬರುವವರೆಗೆ ಅವನು ಮೇಲೇಳಲಿಲ್ಲ.

ಅವ್ವ ಕೂಗಾಡಲಿಲ್ಲ. ಮುಂದಿನ ಶುಕ್ರವಾರ ಖಾಜಾ ಸಾಬರು ಬಂದಾಗ, ಕಾರನ್ನು ಹೊರಗೆ ದೂಡೋಣ ಎಂದಳು. ಬಯಲಲ್ಲಿ ತೊಳೆಯಲಿಕ್ಕೆಂದು ನಾವು ತಿಳಿದೆವು. ಅವ್ವ ಸ್ಟೇರಿಂಗು ಹಿಡಿದು ಕುಳಿತಳು; ಅಪ್ಪ, ಖಾಜಾ ಸಾಬರು ಹಿಂದಿನಿಂದ ದೂಡಿದರು. ಬಾವಿಯ ಕಟ್ಟೆಗೂ ಹೊಲದ ಕಲ್ಲುಗೋಡೆಗೂ ನಡುವೆ ದಾರಿ ತೀರ ಇಕ್ಕಟ್ಟಾಗುವ ಜಾಗದಲ್ಲಿ ಅವ್ವ ಬ್ರೇಕು ಒತ್ತಿದಳು.

"ಇಲ್ಲೇ ಇರ್ಲಿ. ಜಾಕ್ ಹಾಕ್ರಿ ಅಣ್ಣಾ. ಗಾಲಿ ಬಿಚ್ರಿ."

ಅಪ್ಪನಿಗೆ ತಕ್ಷಣ ಅರ್ಥವಾಯಿತು. "ದಾರಿ ಕಟ್ತೀ ಏನು?"

"ನಾ ಯಾಕ ಕಟ್ಲಿ? ಗಾಡಿ ಕೆಟ್ಟು ನಿಂತೈತಿ."

"ಕೆಟ್ಟಿಲ್ಲಲ್ಲ! ಸುಳ್ಳು ಹೇಳ್ತೀಯಾ?"

ಅವ್ವ ಖಾಜಾ ಸಾಬರ ಕಡೆ ತಿರುಗಿದಳು. "ಅದೂ ಖರೇನ. ಅಣ್ಣಾ, ಹಿಂದಿನ ಆಕ್ಸಲ್ ಬಿಚ್ಚಿ ಹೊರಗಿಡ್ರಿ."

ಖಾಜಾ ಸಾಬರು ಅಂದು ಸಂಜೆಯವರೆಗೂ ಬಿಚ್ಚಿದರು. ಗಾಲಿಗಳಿಲ್ಲದ ಕಾರು ಕಲ್ಲುಗಳ ಮೇಲೆ ಕುಳಿತಿತು. ಆಮೇಲೆ ಅವ್ವ ಸುತ್ತಲೂ ದುಂಡು ಕಲ್ಲು ಇಟ್ಟು, ಹಿಂದೆ ಹೊಂಗೆಯ ಒಂದು ಹಸಿ ಟೊಂಗೆ ಸಿಕ್ಕಿಸಿದಳು. ಸಂಡೂರು ರಸ್ತೆಯಲ್ಲಿ ಓಡಾಡಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಲಾರಿ ಕೆಟ್ಟರೆ ಡ್ರೈವರುಗಳು ಮಾಡುತ್ತಿದ್ದದ್ದೇ ಇದು. ಸುತ್ತ ಕಲ್ಲು, ಹಿಂದೊಂದು ಟೊಂಗೆ. ನಡುರಸ್ತೆಯಾದರೂ ಸರಿ, ದಿನಗಟ್ಟಲೆ ಅಲ್ಲಿಯೇ ಬಿಚ್ಚಿ ಜೋಡಿಸುತ್ತಿದ್ದರು. ಹಾಗೆ ನಿಂತ ಗಾಡಿಯನ್ನು ಬೇರೆ ಡ್ರೈವರು ಮುಟ್ಟುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ನಾಳೆ ತನ್ನ ಗಾಡಿಯೂ ಹಾಗೆ ನಿಲ್ಲಬಹುದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಮೊದಲ ಲಾರಿ ಬಂದು ಹಾರ್ನು ಬಾರಿಸಿತು. ಡ್ರೈವರು ಇಳಿದು, ಕಲ್ಲು ನೋಡಿದ, ಟೊಂಗೆ ನೋಡಿದ.

"ಏನಾತ್ರಿ ಅಮ್ಮಾ?"

"ಆಕ್ಸಲ್ ಬಿಚ್ಚೈತಪ್ಪ."

"ಸಾಮಾನು ಎಲ್ಲಿಂದ ಬರ್ಬೇಕ್ರಿ?"

"ವಿಲಾಯತಿಂದ," ಎಂದರು ಕೆಳಗಿನಿಂದ ಖಾಜಾ ಸಾಬರು.

"ಹಡಗಿನ್ಯಾಗ ಬರ್ತೈತೋ, ಈಜಿಕೆಂತ ಬರ್ತೈತೋ?" ಎಂದು ನಕ್ಕು ಅವನು ಲಾರಿ ಹಿಂದಕ್ಕೆ ತೆಗೆದ.

ಹಾಗೆ ಬೇಸಿಗೆ ಸಾಗಿತು. ಖಾಜಾ ಸಾಬರು ಒಂದು ಶುಕ್ರವಾರ ಜೋಡಿಸಿದ್ದನ್ನು ಇನ್ನೊಂದು ಶುಕ್ರವಾರ ಬಿಚ್ಚುತ್ತಿದ್ದರು. ಅಜ್ಜಿ ಮತ್ತೆ ಬಿಸಿಲಿಗೆ ಕೂರತೊಡಗಿದಳು. ಸಂಜೆ ನಾವು ಚಾಲಕನ ಸೀಟಿನಲ್ಲಿ ಸರದಿಯಂತೆ ಕುಳಿತು ಸ್ಟೇರಿಂಗು ತಿರುಗಿಸುತ್ತಿದ್ದೆವು. ಗಾಲಿ ಇಲ್ಲದ ಕಾರಿನಲ್ಲಿ ನಾವು ಹೋಗದ ಊರಿರಲಿಲ್ಲ.

ಕಾಕಾ ಮೊದಲು ಒಳ್ಳೆಯ ಮಾತಿನಲ್ಲಿ ಬಂದ. "ಅತ್ತಿಗಿ, ನಾಳೆನಾ ಬೆಂಗಳೂರಿಂದ ಮೆಕ್ಯಾನಿಕ್ ಕರೆಸ್ತೀನಿ. ಹೊಸಾ ಬಣ್ಣ, ಹೊಸಾ ಸೀಟು, ಎಲ್ಲಾ ನಂದು. ಎಂಟು ದಿನದಾಗ ನೀ ಹಂಪಿಗೆ ಗಾಡಿ ಹೊಡಿ."

ಅವ್ವ ಬಾನೆಟ್ಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅವಳಿಗೆ ಅದು ಎಷ್ಟು ಬೇಕಿತ್ತೆಂದು ನಮಗೆಲ್ಲ ಗೊತ್ತಿತ್ತು. "ಬ್ಯಾಡ ಮಲ್ಲಪ್ಪ. ನನ್ನ ಗಾಡಿ ನಾನಾ ಮಾಡ್ಕೊಂತೀನಿ," ಎಂದಳು.

ಎರಡನೆಯ ಸಲ ಅವನು ಬಂದದ್ದು ಬೆಳಿಗ್ಗೆ, ಜೆಸಿಬಿಯೊಂದಿಗೆ. ಅದರ ಹಿಂದೆ ಲಾರಿಗಳು ಸಾಲು ನಿಂತಿದ್ದವು. ಅವ್ವ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು. ಗೋಣಿಚೀಲ ಹಾಸಿ, ಬೋಲ್ಟು ಬಿಚ್ಚುವ ಒಂದು ಪಾನಾ ಹಿಡಿದು, ಕಾರಿನ ಕೆಳಗೆ ಜಾರಿದಳು. ಕಾಲುಂಗುರ ಹಾಕಿದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಕಾರು ನಿಂತದ್ದು ಒಂದರ ಮೇಲೊಂದು ಇಟ್ಟ ಕಲ್ಲುಗಳ ಮೇಲೆ. ಜೆಸಿಬಿ ಒಮ್ಮೆ ತಾಕಿದರೆ ಸಾಕಿತ್ತು. ನಾನು ಅವ್ವನನ್ನು ನೋಡಲಿಲ್ಲ. ಆ ಕಲ್ಲುಗಳನ್ನೇ ನೋಡುತ್ತ ನಿಂತಿದ್ದೆ. ಇಂದಿಗೂ ಆ ಕಲ್ಲುಗಳ ಆಕಾರ ಹೇಳಬಲ್ಲೆ.

"ಎತ್ತಲೇ," ಎಂದ ಕಾಕಾ.

ಜೆಸಿಬಿಯ ಹುಡುಗ ಎತ್ತಲಿಲ್ಲ. "ಕೆಳಗ ಮನುಷ್ಯರಿದ್ದಾಗ ಗಾಡಿ ಮುಟ್ಟಂಗಿಲ್ರಿ ಸಾವ್ಕಾರ್ರ. ರಿಪೇರಿ ನಡದೈತಿ."

"ಆಕಿ ಏನ್ ರಿಪೇರಿ ಮಾಡ್ತಾಳಲೇ!"

ಕೆಳಗಿನಿಂದ ಟಕ್ ಟಕ್ ಎಂದು ಬಡಿಯುವ ಸದ್ದು ಬಂತು. ಸಾಲಿನಲ್ಲಿದ್ದ ನರೆಗೂದಲಿನ ಡ್ರೈವರೊಬ್ಬ ಮುಂದೆ ಬಂದು, ಕುಕ್ಕರಗಾಲಲ್ಲಿ ಕುಳಿತು ಬಗ್ಗಿ ನೋಡಿದ.

"ಏನ್ ಹೋಗೈತ್ರಿ ಅಮ್ಮಾ?"

"ಬೋಲ್ಟು ಹಿಡ್ದೈತಪ್ಪ. ಬರವಲ್ದು."

"ನನ್ ಹತ್ರ ದೊಡ್ಡ ಪಾನಾ ಐತಿ. ಕೊಡ್ಲ್ಯಾ?"

"ಕೊಡು. ಪುಣ್ಯ ಬರ್ತೈತಿ."

ಅವನು ತನ್ನ ಲಾರಿಯಿಂದ ಪಾನಾ ತಂದು ಕೆಳಗೆ ಚಾಚಿದ. ಗ್ರೀಸು ಮೆತ್ತಿದ ಅವ್ವನ ಕೈ ಬಂದು ಅದನ್ನು ತೆಗೆದುಕೊಂಡಿತು. ಜೆಸಿಬಿಯ ಹುಡುಗ ಎಂಜಿನ್ನು ಆರಿಸಿ, ಬಾವಿಕಟ್ಟೆಯ ಮೇಲೆ ಹೋಗಿ ಕುಳಿತ. ಅಪ್ಪ ಅಲ್ಲಿಯವರೆಗೆ ಬಾಗಿಲಲ್ಲೇ ನಿಂತಿದ್ದ. ಈಗ ಬಂದು ಅವ್ವನ ಪಾದಗಳ ಪಕ್ಕ ನೆಲದ ಮೇಲೆ ಕುಳಿತುಕೊಂಡ. "ಮಲ್ಲಪ್ಪ, ನೀ ಇನ್ನ ಹೋಗು," ಎಂದ.

ಕಾಕಾ ಹೋಗುವಾಗ ಹೇಳಿದ: "ಮಳಿ ಬರ್ಲಿ ಅತ್ತಿಗಿ. ನಿನ್ನ ಗಾಡಿ ಹೆಂಗ ಕೊಳೀತೈತಿ ನೋಡ್ತಿರು."

"ಕೊಳೀಲಿ," ಎಂದಿತು ಕಾರಿನ ಕೆಳಗಿನ ದನಿ.

ಮಳೆ ಬಂತು. ಒಳಗೆ ದೂಡೋಣವೆಂದು ಖಾಜಾ ಸಾಬರು ಅಂಗಲಾಚಿದರು. "ಅಕ್ಕಾ, ನೆಲದ ತಗಡು ಹೊಂಟೋಗ್ತೈತ್ರಿ. ಆಮೇಲೆ ನನ್ ಕೈಯಾಗೂ ಇಲ್ಲ." ಅವ್ವ ತಾಡಪಾಲು ಬಿಗಿದು ಕಟ್ಟಿದಳು, ಕಾರನ್ನು ಸರಿಸಲಿಲ್ಲ. ಸರಿಸಿದ ದಿನವೇ ಲಾರಿಗಳು ಬರುತ್ತವೆಂದು ಅವಳಿಗೆ ಗೊತ್ತಿತ್ತು. ಆ ಮಳೆಗಾಲ, ಅದರ ಮುಂದಿನ ಮಳೆಗಾಲ ಕಾರು ಅಲ್ಲಿಯೇ ನೆನೆಯಿತು. ಕೊನೆಗೆ ಕಾಕಾ ಸುತ್ತುದಾರಿಗೆ ಗರಸು ಮಣ್ಣು ಹೊಡೆಸಿ ಲಾರಿಗಳನ್ನು ಅತ್ತ ತಿರುಗಿಸಿದ. ಅಷ್ಟರಲ್ಲಿ ಹೆರಾಲ್ಡಿನ ಚಾಸಿ ತುಕ್ಕು ತಿಂದು, ಬೆರಳಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಖಾಜಾ ಸಾಬರು ಒತ್ತಿ ನೋಡಿ, ಕೈ ಒರೆಸಿಕೊಂಡು, ಅಂದು ಮಂಡಕ್ಕಿ ತಿನ್ನದೆ ಹೋದರು.

ಈಗ ಖಾಜಾ ಸಾಬರಿಲ್ಲ. ಅಜ್ಜಿಯೂ ಇಲ್ಲ, ತನ್ನ ವಯಸ್ಸಿಗೆ, ತನ್ನ ನಿದ್ದೆಯಲ್ಲಿ ಹೋದಳು. ಗಣಿ ನಿಂತ ಮೇಲೆ ಕಾಕಾನ ಪ್ಲಾಟು ಜಾಲಿ ಬೆಳೆದು ಪಾಳು ಬಿತ್ತು. ಹಳೆಯ ಕಾರುಗಳನ್ನು ಕೂಡಿಡುವ ಒಬ್ಬರು ಕೆಲವು ವರ್ಷದ ಹಿಂದೆ ಹುಡುಕಿಕೊಂಡು ಬಂದಿದ್ದರು. ಉಳಿದ ತಗಡನ್ನು ಸುತ್ತಿ ನೋಡಿ, "ಇಂಥ ಗಾಡೀನ ಮಳೇಲಿ ಬಿಟ್ಟು ಹಾಳು ಮಾಡಿದ್ದೀರಲ್ಲ, ನಿಮಗೆ ಇದರ ಬೆಲೆ ಗೊತ್ತಿರ್ಲಿಲ್ಲ" ಎಂದರು. ಅವ್ವ ಅವರಿಗೆ ಚಹಾ ಕೊಟ್ಟು ಕಳಿಸಿದಳು. ಬೆಲೆ ನಮಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆವು. ಇದನ್ನು ನಾನು ಯಾರ ಮುಂದೆಯೂ ತಲೆತಗ್ಗಿಸಿ ಹೇಳುವುದಿಲ್ಲ.

ಆದರೂ ಕಳೆದುಕೊಂಡದ್ದನ್ನು ಮುಚ್ಚಿಡುವುದು ಸರಿಯಲ್ಲ. ಓಡುವ ಹೆರಾಲ್ಡಿನಲ್ಲಿ ನಾನು ಒಮ್ಮೆಯೂ ಕುಳಿತಿಲ್ಲ. ಅವ್ವ ಹಂಪಿಗೆ ಹೋದದ್ದೆಲ್ಲ ಬಸ್ಸಿನಲ್ಲಿಯೇ. ಇನ್ನೊಂದು ನಷ್ಟ ನನಗೆ ಅರ್ಥವಾದದ್ದು ಇತ್ತೀಚೆಗೆ. ಅದಿರಿನ ಲಾರಿಗಳು ಮತ್ತೆ ಶುರುವಾಗಿವೆ. ಅವುಗಳ ಮೇಲೆ ತಾಡಪಾಲು ಇದೆ, ಒಳಗೆ ದಾರಿ ತೋರಿಸುವ ಯಂತ್ರ ಇದೆ. ಕೆಟ್ಟು ನಿಂತ ಗಾಡಿಯನ್ನು ಕ್ರೇನು ಬಂದು ಎಳೆದೊಯ್ಯುತ್ತದೆ. ಕಲ್ಲು, ಟೊಂಗೆ ಯಾರೂ ಇಡುವುದಿಲ್ಲ. ಇಳಿದು ಬಂದು, ಬಗ್ಗಿ, "ಏನ್ ಹೋಗೈತ್ರಿ" ಎಂದು ಕೇಳುವವರನ್ನು ನಾನು ಕಂಡು ಬಹಳ ದಿನವಾಯಿತು. ಅಂದು ಅವ್ವನನ್ನು ಉಳಿಸಿದ್ದು ಆ ಕೇಳುವಿಕೆ.

ಹೋದ ಸಲ ಊರಿಗೆ ಹೋದಾಗ ಅವ್ವನಿಗೆ ಇದನ್ನೇ ಹೇಳಿದೆ. ಅವಳು ಮೊರದಲ್ಲಿ ಶೇಂಗಾ ಆರಿಸುತ್ತಿದ್ದಳು.

"ಈಗ ಹಂಗ ಅಡ್ಡ ಮಕ್ಕೊಂಡ್ರ ಯಾರ್ ನಿಲ್ತಾರವ್ವಾ?"

ಅವಳು ಒಂದು ಕೆಟ್ಟ ಕಾಳನ್ನು ತೆಗೆದು ಆಚೆ ಎಸೆದಳು.

"ನಿಲ್ಲದಿದ್ರ ಬಿಡ್ಲಿ. ನಾ ಅಂತೂ ಮಕ್ಕೊಂತಿದ್ದೆ."