ಬೀಗದಣ್ಣನ ಮೊಬೈಲಿನಲ್ಲಿ ಇಲ್ಲದ ನಂಬರು

ನಮ್ಮ ರಟ್ಟಿನ ಡಬ್ಬಿ ಕಾರ್ಖಾನೆಯ ಲೆಕ್ಕ ನೋಡುವವನಿಗೆ ಬೀಗದಣ್ಣ ಎಂದು ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಸಂಜೆ ಬೀಗ ಜಡಿದ ಮೇಲೆ ಅವನು ಅದನ್ನು ಜಗ್ಗುತ್ತಿದ್ದ ರಭಸಕ್ಕೆ ಕಟ್ಟಡವೇ ವರ್ಷಕ್ಕೊಂದು ಗೇಣು ರಸ್ತೆಯ ಕಡೆಗೆ ಸರಿದಿದೆ. ಬೇಕಾದರೆ ಅಳೆದು ನೋಡಿ. ಕನ್ನಡಿಯಲ್ಲಿ ಮುಖ ಕಂಡರೂ ನೀನು ಯಾರಪ್ಪ ಎಂದು ವಿಚಾರಿಸಿಯೇ ಮುಂದೆ ಹೋಗುವ ಆಸಾಮಿ.

ಅಷ್ಟೇ ಅಲ್ಲ, ಅವನ ಮೊಬೈಲಿನಲ್ಲಿ ಒಬ್ಬರ ನಂಬರೂ ಇರಲಿಲ್ಲ. ಹೆಂಡತಿಯದು ಮಾತ್ರ ಬಾಯಿಪಾಠ.

"ಅಲ್ಲಣ್ಣ, ನಂಬರ್ ಇಟ್ಕೊಳ್ಳದೆ ಇರೋಕೆ ಫೋನ್ ಯಾಕೆ ಬೇಕು?" ಎಂದು ಕತ್ತರಿ ಯಂತ್ರದ ಮುಂದಿನಿಂದ ನಾನು ಕೆಣಕುತ್ತಿದ್ದೆ.

"ನಾಳೆ ಇದನ್ನ ಯಾವನಾದ್ರೂ ಎಗರಿಸ್ದಾ ಅಂದ್ಕೋ. ನಮ್ಮೋರ ನಂಬರೆಲ್ಲ ಅವನ ಕೈಗೆ. ಬೇಕೇನಯ್ಯ ಆ ಉಸಾಬರಿ?"

ಹಾಗಾಗಿ ಯಾರಿಗೆ ಫೋನ್ ಮಾಡಬೇಕಾದರೂ ಅವರಿಂದ ಬಂದ ಕೊನೆಯ ಇಮೇಲ್ ತೆರೆದು, ಅದರ ತಳದಲ್ಲಿದ್ದ ನಂಬರನ್ನು ಒತ್ತುತ್ತಿದ್ದ. ಇಷ್ಟು ವರ್ಷ ಅದರಿಂದ ಕೂದಲೂ ಕೊಂಕಿರಲಿಲ್ಲ.

ಕಾರ್ಖಾನೆಯ ಒಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಗಂಡ ಹೋದ ಮೇಲೆ ಅದನ್ನು ಎಳೆದುಕೊಂಡು ಬಂದಾಕೆ. ಔಷಧಿ ಕಂಪನಿಯೊಂದು ದೊಡ್ಡ ಕೆಲಸ ಕೊಟ್ಟಿತ್ತು. ಅದು ಮುಗಿದರೆ ಕಾರ್ಖಾನೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ರಟ್ಟು ತರಿಸಲು ಅಕ್ಕ ತಮ್ಮ ಕೊನೆಯ ಗಂಟನ್ನೂ ಬಿಚ್ಚಿದ್ದರು.

ಆಗ ಬಂತು ರಟ್ಟಿನ ಮಿಲ್ಲಿನ ಇಮೇಲ್: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂಗಡವನ್ನು ಹೊಸದಕ್ಕೆ ಹಾಕಿ. ಹಿಂದಿನ ಲೋಡಿನಲ್ಲಿ ರಟ್ಟು ಒದ್ದೆಯಾಗಿದ್ದಕ್ಕೆ ಕ್ಷಮೆಯನ್ನೂ ಕೇಳಿದ್ದರು. ಇಮೇಲಿನಲ್ಲೇ ನಡೆದಿದ್ದ ಆ ಜಗಳ ನಮ್ಮನ್ನೂ ಮಿಲ್ಲಿನವರನ್ನೂ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅಷ್ಟಕ್ಕೇ ನಂಬಿದರೆ ಅವನು ಬೀಗದಣ್ಣ ಹೇಗಾದಾನು? ಎಂದಿನಂತೆ ಇಮೇಲಿನ ತಳಕ್ಕಿಳಿದ, ನಂಬರ್ ಒತ್ತಿದ, ಖಾತೆಯ ಒಂದೊಂದು ಅಂಕಿಯನ್ನೂ ಅವರ ಬಾಯಿಂದಲೇ ಹೇಳಿಸಿದ.

ಅತ್ತಲಿಂದ ಜೇನು ಸುರಿಯಿತು. "ಎಲ್ಲರೂ ಕಣ್ಮುಚ್ಚಿ ಹಾಕ್ಬಿಡ್ತಾರೆ ಸಾರ್. ಕೇಳಿದ್ದು ನೀವೊಬ್ರೇ. ಪ್ರತಿ ಆಫೀಸಲ್ಲೂ ನಿಮ್ಮಂಥೋರು ಒಬ್ರಿರ್ಬೇಕು!"

ಹುಟ್ಟಿದಾಗಿನಿಂದ ಅವನನ್ನು ಯಾರೂ ಹೊಗಳಿರಲಿಲ್ಲ. ಆ ಮಾತನ್ನು ಎಷ್ಟು ಸಲ ಹೇಳಿಕೊಂಡನೆಂದರೆ, ಸಂಜೆಯ ಹೊತ್ತಿಗೆ ಗೋಂದಿನ ಡಬ್ಬಕ್ಕೂ ಅದು ಬಾಯಿಪಾಠವಾಗಿತ್ತು. ಹಣವೂ ಹೋಗಿತ್ತು.

ಮುಂದಿನ ವಾರ ಮಿಲ್ಲಿನ ಮ್ಯಾನೇಜರನೇ ಫೋನ್ ಮಾಡಿದ. "ಏನ್ ಸಾರ್, ದುಡ್ಡು ಹಾಕೇ ಇಲ್ವಲ್ಲ?"

"ಹಾಕಿದೀನಲ್ರೀ! ನಿಮ್ಮೋರನ್ನೇ ಕೇಳಿ ಹಾಕಿದೀನಿ."

"ಯಾರನ್ನ ಕೇಳಿದ್ರಿ? ನಮ್ಮ ಖಾತೆ ಬದಲಾಗೇ ಇಲ್ಲ ಸಾರ್."

ಬೀಗದಣ್ಣನ ಮುಖ ಒದ್ದೆ ರಟ್ಟಿನಂತೆ ಕುಸಿಯಿತು. ಮಿಲ್ಲಿನ ಇಮೇಲಿಗೆ ಯಾರೋ ನುಗ್ಗಿ, ನಮ್ಮ ಜಗಳವನ್ನೆಲ್ಲ ಓದುತ್ತ ಕೂತಿದ್ದರು. ಖಾತೆಯೂ ಕಳ್ಳರದೇ, ತಳದಲ್ಲಿದ್ದ ನಂಬರೂ ಕಳ್ಳರದೇ. ನಮ್ಮವನು ಕಳ್ಳನಿಗೇ ಫೋನ್ ಮಾಡಿ, ನೀನು ಕಳ್ಳನಲ್ಲ ತಾನೇ ಎಂದು ಖಾತ್ರಿ ಮಾಡಿಕೊಂಡಿದ್ದ. ಮಿಲ್ಲಿನ ಹಳೆಯ ನಂಬರೊಂದು ಮೊಬೈಲಿನಲ್ಲಿ ಇದ್ದಿದ್ದರೆ ಸಾಕಿತ್ತು.

"ಅವತ್ತೇ ಬಂದಿದ್ರೆ ತಡೆಹಿಡೀಬಹುದಿತ್ತೇನೋ," ಎಂದಳು ಬ್ಯಾಂಕಿನಾಕೆ. "ಈಗ ಆ ಖಾತೇಲಿ ಏನೂ ಉಳಿದಿಲ್ಲ. ಪೊಲೀಸರಿಗೆ ದೂರು ಕೊಡಿ."

ಕೊಟ್ಟೆವು. ಮುಂಗಡವಿಲ್ಲದೆ ಮಿಲ್ಲಿನವರು ರಟ್ಟು ಕಳಿಸಲಿಲ್ಲ. ರಟ್ಟಿಲ್ಲದೆ ಔಷಧಿ ಡಬ್ಬಿಯ ಕೆಲಸ ಬೇರೆಯವರ ಪಾಲಾಯಿತು. ಯಂತ್ರಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಇರುವೆ ಕೆಮ್ಮಿದರೂ ಕೇಳಿಸುವಷ್ಟು ಮೌನ.

"ಬೈದ್ಬಿಡಿ ಅಕ್ಕ," ಎಂದು ಬೀಗದಣ್ಣ ಬಾಗಿಲಲ್ಲಿ ನಿಂತ.

"ಬೈದ್ರೆ ರಟ್ಟು ಬರುತ್ತೇನಪ್ಪ?" ಎಂದರು ಅಕ್ಕ, ತಲೆಯೆತ್ತದೆ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಕಾರ್ಖಾನೆ ಮುಚ್ಚಿದ ಸಂಜೆ ಅಕ್ಕ ಎಂದಿನಂತೆ ಕೀಲಿಕೈಯನ್ನು ಅವನತ್ತ ಚಾಚಿದರು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನನ್ನ ಕೈಗೆ ಬೇಡ ಅಕ್ಕ."

ಅಕ್ಕನೇ ಬೀಗ ಹಾಕಿ ನಡೆದರು.

"ಜಗ್ಗಿ ನೋಡಲ್ವೇನಣ್ಣ?" ಎಂದೆ, ಸ್ವಲ್ಪ ನಗಿಸೋಣವೆಂದು.

"ಒಳಗೇನಿದೆ ಅಂತ ಜಗ್ಗಲಿ?" ಎಂದು ಹಿಂದಿರುಗಿ ನೋಡದೆ ಹೋದ.

ಅವನು ತಿರುವಿನಲ್ಲಿ ಮರೆಯಾದ ಮೇಲೆ ನಾನೇ ಜಗ್ಗಿದೆ. ಬೀಗ ಭದ್ರವಾಗಿಯೇ ಇತ್ತು.